ಖಾಲಿ ತೋಟಾ: ಯಾವುದನ್ನು ಉಳಿಸಬೇಕು, ಯಾವುದನ್ನು ಚಪ್ಪಟೆ ಮಾಡಿ ಎಸೆಯಬೇಕು

ಕೋವಿಯಿಂದ ಮಣ್ಣಿನ ತಟ್ಟೆಗೆ ಗುರಿಯಿಡುವ ಟ್ರ್ಯಾಪ್ ಆಟದಲ್ಲಿ ಒಂದು ಸುತ್ತು ಮುಗಿದರೆ ಕಾಲ ಬುಡದಲ್ಲಿ 25 ಖಾಲಿ ತೋಟಾಗಳು ಬಿದ್ದಿರುತ್ತವೆ. ನಾಲ್ಕು ಸುತ್ತು ಆಡಿದವನ ಬಕೆಟ್ಟಿನಲ್ಲಿ ನೂರು. ಕೆಂಪು, ಹಸಿರು, ನೀಲಿ, ಹೊಳೆಯುವ ಹಿತ್ತಾಳೆಯ ತಳ. ನೋಡಿದರೆ ಯಾರಿಗೂ ಎಸೆಯಲು ಮನಸ್ಸು ಬರುವುದಿಲ್ಲ. ಅಲ್ಲಿಂದಲೇ ಮರುತುಂಬುವಿಕೆಯ, ಅಂದರೆ ಖಾಲಿಯನ್ನು ಮತ್ತೆ ತುಂಬಿ ಹೊಡೆಯುವ ಹುಚ್ಚು ಶುರುವಾಗುವುದು, ಅಪಾಯ ಶುರುವಾಗುವುದೂ ಅಲ್ಲಿಂದಲೇ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತೋಟಾದ ಐದು ಭಾಗಗಳಲ್ಲಿ ನಿಶ್ಚಿಂತೆಯಿಂದ ಮರುಬಳಸಬಹುದಾದದ್ದು ಒಂದೇ, ಹೊರಗಿನ ಕೊಳವೆ. ಉಳಿದ ನಾಲ್ಕರಲ್ಲಿ, ಅಂದರೆ ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಬಟ್ಟಲು), ಮದ್ದು (ಉರಿದು ಅನಿಲವಾಗುವ ಪುಡಿ), ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ), ಚರೆ (ಸಣ್ಣ ಗುಂಡುಗಳು) ಇವುಗಳಲ್ಲಿ ‘ಇದ್ದುದರಲ್ಲೇ ಹೊಂದಿಸಿಕೊಳ್ಳುವ’ ಜಾಣತನ ನಡೆಯುವುದಿಲ್ಲ. ಕೈಚಳಕ ತೋರಿಸಬೇಕೆಂದಿದ್ದರೆ ಮೇಜಿನ ಮೇಲಿನ ಸಲಕರಣೆಗಳಲ್ಲಿ ತೋರಿಸಿ: ಹಲಗೆ, ಆಯಸ್ಕಾಂತ, ಕಡ್ಡಿ, ಟಾರ್ಚು. ತೋಟಾದ ಒಳಗೆ ಬೇಡ. ಆದ್ದರಿಂದ ಇಲ್ಲಿ ತುಂಬುವ ಅಳತೆಗಳಿಲ್ಲ. ಅವು ಮದ್ದು ತಯಾರಕರ ಪ್ರಕಟಿತ ಪಟ್ಟಿಯಲ್ಲಿರುತ್ತವೆ, ಅಲ್ಲಿಂದಲೇ ತೆಗೆದುಕೊಳ್ಳಬೇಕು. ತೋಟಾ ತುಂಬಲು ಪ್ರತ್ಯೇಕ ಪರವಾನಗಿ ಬೇಕಾದ ದೇಶಗಳೂ ಇವೆ, ಅದನ್ನು ಮೊದಲು ವಿಚಾರಿಸಿಕೊಳ್ಳಿ. ಇಲ್ಲಿರುವುದು ಅದಕ್ಕೂ ಮುಂಚಿನ ಕೆಲಸ: ಖಾಲಿಯನ್ನು ಹೆಕ್ಕುವುದು, ವಿಂಗಡಿಸುವುದು, ಪರೀಕ್ಷಿಸುವುದು, ತೊಳೆಯುವುದು, ತಿರಸ್ಕರಿಸುವುದು. ಹೆಚ್ಚಿನವರು ಅವಸರದಲ್ಲಿ ಹಾರಿಬಿಡುವ ಭಾಗವೂ ಇದೇ.

1. ಹೆಕ್ಕುವಾಗ

ನೆಲದಲ್ಲಿ ಬಿದ್ದ ಮಾತ್ರಕ್ಕೆ ಅದು ಖಾಲಿ ಎಂದು ನಂಬಬೇಡಿ. ಹೊಡೆಯದ ತೋಟಾ ಜೇಬಿನಿಂದ ಜಾರಿ ಬೀಳುತ್ತದೆ. ಕೇಪಿಗೆ ಪೆಟ್ಟು ಬಿದ್ದರೂ ಸಿಡಿಯದ ತೋಟಾವನ್ನು ಯಾರೋ ತೆಗೆದು ಪಕ್ಕಕ್ಕೆ ಹಾಕಿರುತ್ತಾರೆ. ಹೊಡೆದ ತೋಟಾದ ಬಾಯಿ ಹೂವಿನ ಹಾಗೆ ಅರಳಿರುತ್ತದೆ, ತಳದ ನಡುವಿನ ಕೇಪಿನಲ್ಲಿ ಗುಳಿ ಇರುತ್ತದೆ. ಎರಡೂ ಇದ್ದರೆ ಮಾತ್ರ ಬಕೆಟ್ಟಿಗೆ. ಬಾಯಿ ಮುಚ್ಚಿದ್ದು, ಕೈಗೆ ಭಾರ ಅನ್ನಿಸಿದ್ದು, ಅಲ್ಲಾಡಿಸಿದರೆ ಸದ್ದು ಬಂದದ್ದು ಇದ್ದರೆ ಮೈದಾನದ ಜವಾಬ್ದಾರಿ ಹೊತ್ತವರ ಕೈಗೆ ಕೊಡಿ. ಬಿಚ್ಚಿ ನೋಡುವ ಕುತೂಹಲ ಬೇಡ. ಬಾಯಿ ತೆರೆದಿದ್ದರೂ ಕೇಪಿನಲ್ಲಿ ಗುಳಿಯಿಲ್ಲದಿದ್ದರೆ ಅದು ಜೀವಂತ ಕೇಪು, ಅದನ್ನು ಒತ್ತಿ ಹೊರತೆಗೆಯಲು ಹೋಗಬಾರದು.

ಎಲ್ಲಕ್ಕಿಂತ ಒಳ್ಳೆಯ ಖಾಲಿ ಅಂದರೆ ನಿಮ್ಮದೇ ಕೋವಿಯಿಂದ, ನಿಮ್ಮ ಕಣ್ಣೆದುರೇ, ಹೊಸ ಡಬ್ಬಿಯಿಂದ ತೆಗೆದು ಒಮ್ಮೆ ಹೊಡೆದದ್ದು. ಅದರ ಚರಿತ್ರೆ ನಿಮಗೆ ಗೊತ್ತು. ಹುಲ್ಲಿನಲ್ಲಿ ಸಿಕ್ಕಿದ್ದು ಒಮ್ಮೆ ಹೊಡೆದದ್ದೋ ಎಂಟು ಸಲ ಹೊಡೆದದ್ದೋ ಹೇಳುವವರಿಲ್ಲ. ಮಳೆಯಲ್ಲಿ ನೆನೆದ ಕಾಗದದ ತೋಟಾ ಸಿಕ್ಕರೆ ಬಗ್ಗುವ ಶ್ರಮವನ್ನೂ ಪಡಬೇಡಿ.

ಇನ್ನೊಂದು ಮಾತು. ಖಾಲಿ ತೋಟಾ ಕಣಜಕ್ಕೆ ಹೇಳಿ ಮಾಡಿಸಿದ ಮನೆ. ಒಂದು ಮಳೆಗಾಲ ಶೆಡ್ಡಿನಲ್ಲಿ ಬಿಟ್ಟ ಚೀಲದಿಂದ ನಾನು ತೆಗೆದ ಹತ್ತು ಖಾಲಿಗಳಲ್ಲಿ ಮೂರರ ತಳಕ್ಕೆ ಕೆಮ್ಮಣ್ಣಿನ ಬಿರಡೆ ಕೂತಿತ್ತು, ಕಲ್ಲಿನಷ್ಟು ಗಟ್ಟಿ. ಮೇಲಿನಿಂದ ನೋಡಿದರೆ ತೋಟಾದ ತಳದಂತೆಯೇ ಕಾಣುತ್ತಿತ್ತು. ಅಂದಿನಿಂದ ಟಾರ್ಚು ಹಾಕದೆ ಒಂದನ್ನೂ ಮುಟ್ಟುವುದಿಲ್ಲ.

2. ಮೊದಲ ವಿಂಗಡಣೆ: ಗೇಜು ಮತ್ತು ಉದ್ದ

12 ಗೇಜು ಅಂದರೆ ನಳಿಗೆಯ ಒಳ ಅಳತೆಯ ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗುತ್ತವೆ ಎಂದು. ಅದಕ್ಕೇ ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣದು. 12 ಗೇಜಿನ ನಳಿಗೆ ಸುಮಾರು 18.5 ಮಿ.ಮೀ., 20 ಗೇಜಿನದು ಸುಮಾರು 15.6 ಮಿ.ಮೀ. 410 ಎಂಬ ಅಳತೆ ಮಾತ್ರ ಈ ಲೆಕ್ಕಕ್ಕೆ ಸೇರದು, ಅದು ಇಂಚಿನ ಸಾವಿರದ ಭಾಗದಲ್ಲಿ ಹೇಳುವ ವ್ಯಾಸ.

20 ಗೇಜಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಸುಮ್ಮನೆ ಬಂದದ್ದಲ್ಲ. 20ರ ತೋಟಾವನ್ನು 12ರ ಕೋವಿಗೆ ಹಾಕಿದರೆ ಅದು ಒಳಗೆ ಜಾರಿ, ಕೋಣೆಯ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಮುಂದೆ ನಳಿಗೆ ಕಿರಿದಾಗುವ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ ಇದ್ದಂತೆ ಕಾಣುತ್ತದೆ. ಅದರ ಹಿಂದೆ 12ರದನ್ನು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಹಾಗಾಗಿ ಬಕೆಟ್ಟಿನಲ್ಲಿ ಹಳದಿ ಕಂಡ ಕೂಡಲೇ ಬೇರೆ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಬೇರೆ ಕಪಾಟಿಗೆ ಸೇರಿಸಿ. ಆದರೆ ಬಣ್ಣವೊಂದನ್ನೇ ನೆಚ್ಚಬೇಡಿ, ಎಲ್ಲ ತಯಾರಕರೂ ಈ ರೂಢಿಗೆ ಬದ್ಧರಲ್ಲ. ತಳದ ಮುದ್ರೆ ಓದಿ.

ಆಮೇಲೆ ಉದ್ದ. ತೋಟಾದ ಉದ್ದವನ್ನು ಹೇಳುವುದು ಬಾಯಿ ಅರಳಿದ ಮೇಲಿನ ಅಳತೆಯಲ್ಲಿ: 65, 70, 76, 89 ಮಿ.ಮೀ. ತುಂಬಿ ಬಾಯಿ ಮಡಿಚಿದಾಗ ಇದಕ್ಕಿಂತ ಗಿಡ್ಡ ಇರುತ್ತದೆ. ಮೋಸ ಇರುವುದು ಇಲ್ಲೇ. 76ರ ತೋಟಾ ಮಡಿಚಿದ ಸ್ಥಿತಿಯಲ್ಲಿ 70ರ ಕೋಣೆಯಲ್ಲಿ ಸಲೀಸಾಗಿ ಕೂರಬಲ್ಲದು, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಅರಳಲು ಜಾಗ ಸಾಲದೆ ಅದರ ಬಾಯಿ ನಳಿಗೆಯ ಇಳಿಜಾರಿನೊಳಗೆ ತೂರಿ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಆದ್ದರಿಂದ ಪ್ರತಿ ಖಾಲಿಯನ್ನೂ ಅಳತೆಪಟ್ಟಿಯ ಪಕ್ಕ ಹಿಡಿದು ನೋಡಿ. ಬೇಕಾದರೆ ಒಂದು ಮರದ ಪಟ್ಟಿಗೆ 70 ಮಿ.ಮೀ. ದೂರದಲ್ಲಿ ಎರಡು ಮೊಳೆ ಹೊಡೆದುಕೊಳ್ಳಿ, ಕಣ್ಣು ಮುಚ್ಚಿ ಇನ್ನೂರು ವಿಂಗಡಿಸಬಹುದು.

3. ಎರಡನೇ ವಿಂಗಡಣೆ: ಒಳಗಿನ ರಚನೆ

ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ಖಾಲಿಗಳ ಒಳಗು ಪೂರ್ತಿ ಬೇರೆಯಾಗಿರಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು.

ಪ್ಲಾಸ್ಟಿಕ್ ತೋಟಾವನ್ನು ರೆಮಿಂಗ್ಟನ್ ಕಂಪನಿ 1960ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು ಮೇಣ ಹಚ್ಚಿದ ಕಾಗದದ್ದು, ಅದರ ಜೊತೆಗೆ ಇಡಿಯಾಗಿ ಹಿತ್ತಾಳೆಯದ್ದು. ಇವತ್ತಿನ ಪ್ಲಾಸ್ಟಿಕ್ ತೋಟಾಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಉದ್ದ ಕೊಳವೆಯಾಗಿ ಎಳೆದು ತುಂಡು ಮಾಡಿ, ತಳಕ್ಕೆ ಪ್ರತ್ಯೇಕ ಬಿಲ್ಲೆ ಒತ್ತಿ ಕೂರಿಸಿದ್ದು. ಇದರ ಒಳಗೋಡೆ ನೇರ. ಇನ್ನೊಂದು, ಒಂದೇ ಪ್ಲಾಸ್ಟಿಕ್ ಉಂಡೆಯನ್ನು ಅಚ್ಚಿನಲ್ಲಿ ಒತ್ತಿ ಗೋಡೆಯೂ ತಳವೂ ಒಂದಾಗಿ ಮೂಡಿಸಿದ್ದು. ಇದರ ಒಳಗೋಡೆ ಕೆಳಕ್ಕೆ ಹೋದಂತೆ ದಪ್ಪವಾಗುತ್ತದೆ. ಎರಡರ ಒಳಗೂ ಹಿಡಿಸುವ ಜಾಗ ಬೇರೆ, ಕೂರುವ ವ್ಯಾಡ್ ಬೇರೆ. ಒಂದೇ ತೂಕದ ಮದ್ದು ಇಕ್ಕಟ್ಟಿನಲ್ಲಿ ಒಂದು ಒತ್ತಡ ಕೊಟ್ಟರೆ ವಿಶಾಲದಲ್ಲಿ ಇನ್ನೊಂದು ಕೊಡುತ್ತದೆ. ಪ್ರಕಟಿತ ಪಟ್ಟಿಗಳಲ್ಲಿ ತೋಟಾದ ಹೆಸರನ್ನು ಮೊದಲು ಹಾಕುವುದು ಅದಕ್ಕೇ.

ಪ್ರತ್ಯೇಕ ಬಿಲ್ಲೆಯ ಬಗೆಯಲ್ಲಿ ಇನ್ನೊಂದು ತಾಪತ್ರಯವಿದೆ. ಹಲವು ಸಲ ಹೊಡೆದ ಮೇಲೆ ಆ ಬಿಲ್ಲೆ ಸಡಿಲವಾಗಿ, ಒಂದು ದಿನ ಚರೆಯ ಜೊತೆ ತಾನೂ ಹೊರಟುಬಿಡುತ್ತದೆ. ಹೊರಗೆ ಹೋದರೆ ಪುಣ್ಯ. ನಳಿಗೆಯಲ್ಲೇ ನಿಂತರೆ?

ಅದು ನನ್ನ ಅನುಭವವೇ. ಹೊಡೆದ ಸದ್ದಿನಲ್ಲಿ ಹೆಚ್ಚು ಕಡಿಮೆ ಏನೂ ಅನ್ನಿಸಲಿಲ್ಲ. ಜೋಡುನಳಿಗೆಯ ಕೋವಿಯನ್ನು ಮಡಚಿ ತೆರೆದಾಗ ಜಿಗಿದ ಖಾಲಿಯನ್ನು ಅಭ್ಯಾಸಬಲದಿಂದ ಒಳಗೆ ನೋಡಿದೆ. ಬೂದು ಬಣ್ಣದ ಬಿಲ್ಲೆ ಇರಬೇಕಾದಲ್ಲಿ ಬರಿಯ ಲೋಹ ಹೊಳೆಯುತ್ತಿತ್ತು, ನಡುವೆ ಕೇಪಿನ ಗೂಡು ಬತ್ತಲೆಯಾಗಿ ನಿಂತಿತ್ತು. ಎರಡೂ ಕೋಣೆ ಖಾಲಿ ಮಾಡಿ ಹಿಂಬದಿಯಿಂದ ನಳಿಗೆಯನ್ನು ಆಕಾಶಕ್ಕೆ ಹಿಡಿದೆ. ದುಂಡಗಿನ ಬೆಳಕು ಕಾಣಬೇಕಿತ್ತು. ಗ್ರಹಣ ಹಿಡಿದಂತೆ ನಡುವೆ ಕಪ್ಪು, ಅಂಚಿಗೆ ಮಾತ್ರ ತೆಳ್ಳನೆ ಬಳೆ. ಬಿಲ್ಲೆ ನಳಿಗೆಯ ಬಾಯಿಯ ಹತ್ತಿರ ಅಡ್ಡಲಾಗಿ ಕೂತಿತ್ತು. ಇನ್ನೊಂದು ತೋಟಾ ತುಂಬಿದ್ದರೆ ಈ ಬರಹ ಬರೆಯಲು ಎಡಗೈ ಇರುತ್ತಿತ್ತೋ ಇಲ್ಲವೋ.

ಹಾಗಾಗಿ ಪ್ರತ್ಯೇಕ ಬಿಲ್ಲೆಯ ಖಾಲಿಯನ್ನು ಪರೀಕ್ಷಿಸುವಾಗ ಬೆರಳು ದಪ್ಪದ ಮರದ ಕಡ್ಡಿಯೊಂದನ್ನು ಒಳಗೆ ಇಳಿಸಿ ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ. ಕದಲಿತು, ತಿರುಗಿತು, ಒಂದು ಬದಿ ಎದ್ದಿತು ಅಂದರೆ ಅದರ ಕತೆ ಮುಗಿಯಿತು. ಅನುಮಾನವಿದ್ದರೆ ಅದೇ ಬಗೆಯ ಒಂದು ಖಾಲಿಯನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಮೇಜಿನ ಮೇಲಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಸೀಳುವ ಮುನ್ನ ಕೇಪು ಹೊಡೆದಿದೆಯೇ ಎಂದು ಇನ್ನೊಮ್ಮೆ ನೋಡಿ.

4. ತಳದ ಲೋಹ

ಹಿತ್ತಾಳೆ ಬಣ್ಣ ಇದ್ದದ್ದೆಲ್ಲ ಹಿತ್ತಾಳೆಯಲ್ಲ. ಎಷ್ಟೋ ತೋಟಾಗಳ ತಳ ಉಕ್ಕಿನದು, ಮೇಲೆ ತೆಳು ಲೇಪ. ಆಯಸ್ಕಾಂತ ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಉಕ್ಕಿನ ತಳ ಕೆಟ್ಟದ್ದೇನಲ್ಲ, ಆದರೆ ಹಿಗ್ಗಿದ ಮೇಲೆ ಮೂಲ ಅಳತೆಗೆ ತರುವುದು ಕಷ್ಟ, ತೊಳೆದು ಸರಿಯಾಗಿ ಒಣಗಿಸದಿದ್ದರೆ ತುಕ್ಕೂ ಹಿಡಿಯುತ್ತದೆ. ಎರಡನ್ನೂ ಬೇರೆ ಬೇರೆ ಇಡಿ.

ಲೋಹದ ತಳ ಎತ್ತರವಿದ್ದರೆ ತೋಟಾ ಬಲವಾದದ್ದು ಎಂಬ ನಂಬಿಕೆ ಕಾಗದದ ತೋಟಾಗಳ ಕಾಲದಿಂದ ಉಳಿದುಬಂದದ್ದು. ಈಗಿನ ಪ್ಲಾಸ್ಟಿಕ್ ತೋಟಾಗಳಲ್ಲಿ ಆ ಎತ್ತರ ಹೆಚ್ಚಿನಂಶ ನೋಟಕ್ಕೆ. ಅದನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ.

ತಳ ಹಿಗ್ಗಿದೆಯೇ ಎಂದು ನೋಡಲು ಅಳತೆಯ ಉಂಗುರ ಸಿಗುತ್ತದೆ. ಇಲ್ಲದಿದ್ದರೆ ಕೋವಿಯಿಂದ ಬಿಚ್ಚಿ ತೆಗೆದ ನಳಿಗೆಯೇ ಸಾಕು. ಖಾಲಿಯನ್ನು ಕೋಣೆಗೆ ಬಿಟ್ಟರೆ ತನ್ನ ಭಾರಕ್ಕೇ ಇಳಿದು, ಅಂಚು ತಾಗಿ ‘ಟಕ್’ ಎನ್ನಬೇಕು, ತಿರುಗಿಸಿ ಹಿಡಿದರೆ ಬೀಳಬೇಕು. ಹೆಬ್ಬೆರಳಿನಿಂದ ನೂಕಬೇಕಾಗಿ ಬಂದರೆ ಅದು ಬೇರೆ ಕೋವಿಯ ದೊಡ್ಡ ಕೋಣೆಯಲ್ಲಿ ಹಿಗ್ಗಿದ್ದು.

5. ಒಂದೊಂದನ್ನೇ ಕೈಯಲ್ಲಿ ಹಿಡಿದು

ಈಗ ಬೆಳಕಿನೆದುರು ಕುಳಿತುಕೊಳ್ಳಿ. ನಾನು ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ.

ಬಾಯಿ ಮೊದಲು. ಮಡಿಕೆಯ ಗೆರೆಗಳು ಆರೋ ಎಂಟೋ ಎಣಿಸಿ, ಎರಡನ್ನೂ ಬೆರೆಸಬೇಡಿ. ಆರರ ಗೆರೆಯ ಮೇಲೆ ಎಂಟರ ಮಡಿಕೆ ಒತ್ತಿದರೆ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಸಂದಿಯಿಂದ ಚರೆ ಸೋರುತ್ತದೆ. ತೋಟಾಕ್ಕೆ ಮುಪ್ಪು ಬರುವುದೂ ಮೊದಲು ಇಲ್ಲೇ: ಗೆರೆಯುದ್ದಕ್ಕೂ ಬಿರುಕು, ತುದಿಯಲ್ಲಿ ಸುಟ್ಟು ಗರುಕಾದ ಅಂಚು. ಉಗುರಿನಿಂದ ಮಡಿಕೆಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ. ಬಟ್ಟೆಯ ಹಾಗೆ ಬಾಗಿದರೆ ಸರಿ, ಒಣ ಎಲೆಯ ಹಾಗೆ ಗರಗರ ಅಂದರೆ ಬೇಡ.

ಆಮೇಲೆ ಮೈ. ಟಾರ್ಚನ್ನು ಬಾಯಿಯೊಳಗೆ ಇಟ್ಟು ಕತ್ತಲಲ್ಲಿ ತಿರುಗಿಸಿದರೆ ಸೂಜಿಮೊನೆಯಷ್ಟು ರಂಧ್ರವೂ ನಕ್ಷತ್ರದ ಹಾಗೆ ಹೊಳೆಯುತ್ತದೆ. ಇಂಥ ರಂಧ್ರ ಹೆಚ್ಚಾಗಿ ಲೋಹವೂ ಪ್ಲಾಸ್ಟಿಕ್ಕೂ ಸೇರುವ ಗೆರೆಯ ಆಸುಪಾಸು ಬೀಳುತ್ತದೆ. ಅಲ್ಲಿ ಒಂದು ಚುಕ್ಕೆ ಬೆಳಕು ಕಂಡರೂ ತಿರಸ್ಕಾರ.

ಕೊನೆಗೆ ಕೇಪಿನ ಸುತ್ತ. ಮಸಿ ಸೋರಿದ ಗುರುತಿದ್ದರೆ ಗೂಡು ಸಡಿಲವಾಗಿದೆ. ಹೊಸ ಕೇಪು ಕೂರಿಸುವಾಗ ಬಿಗಿ ಸಿಗದೆ ಬೆರಳಲ್ಲೇ ಒಳಗೆ ಹೋದರೂ ಅದೇ ತೀರ್ಪು. ಸಡಿಲ ಗೂಡಿಗೆ ಅಂಟು ಹಚ್ಚುವವರನ್ನು, ಕಾಗದ ಸುತ್ತುವವರನ್ನು ನೋಡಿದ್ದೇನೆ. ಬಿಸಿ ಅನಿಲ ಹಿಂದಕ್ಕೆ ನುಗ್ಗಿದರೆ ಅದರೆದುರು ಇರುವುದು ಅವರ ಕಣ್ಣು.

ಬೂಟಿನಡಿ ಸಿಕ್ಕಿ ಮೊಟ್ಟೆಯಾಕಾರ ತಾಳಿದವು ಪೂರ್ತಿ ವ್ಯರ್ಥವಲ್ಲ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಒಳಗೆ ಸರಿಹೊಂದುವ ಮರದ ಗುಂಡು ಕಡ್ಡಿ ಹಾಕಿ ತಣಿಯಲು ಬಿಟ್ಟರೆ ಮತ್ತೆ ದುಂಡಗಾಗುತ್ತವೆ. ಲೋಹದ ತಳವೇ ನಜ್ಜುಗುಜ್ಜಾಗಿದ್ದರೆ ಮಾತ್ರ ಬಿಟ್ಟುಬಿಡಿ.

6. ತೊಳೆಯುವುದು

ನಿಜ ಹೇಳಬೇಕೆಂದರೆ ಒಣ ನೆಲದಲ್ಲಿ ಬಿದ್ದ, ಒಮ್ಮೆ ಹೊಡೆದ ಖಾಲಿಗೆ ಸ್ನಾನ ಬೇಕಿಲ್ಲ, ಒರೆಸಿದರೆ ಸಾಕು. ಕೆಸರು ಮೆತ್ತಿದ್ದರೆ ಜಾಲರಿ ಚೀಲಕ್ಕೆ ಹಾಕಿ, ಬಕೆಟ್ಟಿನ ಬೆಚ್ಚನೆ ನೀರಿಗೆ ಎರಡು ಹನಿ ಪಾತ್ರೆ ಸೋಪು ಬಿಟ್ಟು ಅದ್ದಿ ಕುಲುಕಿ. ಕಾಗದದ ತೋಟಾ ನೀರಿಗೆ ಬೇಡವೇ ಬೇಡ.

ಅಡುಗೆಮನೆಯ ಸಿಂಕು, ಬಟ್ಟೆ ಒಗೆಯುವ ಯಂತ್ರ ಎರಡೂ ನಿಷಿದ್ಧ. ಸಾಮಾನ್ಯ ಕೇಪಿನ ಮಿಶ್ರಣದಲ್ಲಿ ಸೀಸದ ಸಂಯುಕ್ತ ಇರುತ್ತದೆ, ಹೊಡೆದ ಮೇಲೆ ಅದರ ಧೂಳು ಖಾಲಿಯ ಒಳಗೆಲ್ಲ ಅಂಟಿಕೊಂಡಿರುತ್ತದೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ‘ಇಷ್ಟಿದ್ದರೆ ಪರವಾಗಿಲ್ಲ’ ಎಂಬ ಮಟ್ಟವೇ ಇಲ್ಲ. ಬಕೆಟ್ಟು ಈ ಕೆಲಸಕ್ಕೇ ಮೀಸಲಿರಲಿ. ಕೈಗವಸು ಹಾಕಿ. ಕೆಲಸ ಮುಗಿಯುವವರೆಗೆ ಚಹಾ, ಬೀಡಿ, ಕುರುಕಲು ಯಾವುದೂ ಬೇಡ. ಒಣಧೂಳನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಣಗಿಸಲು ನನ್ನ ಹಲಗೆಯೇ ಒಂದು ಸಣ್ಣ ಹೆಮ್ಮೆ. ದಪ್ಪ ಪ್ಲೈವುಡ್ಡಿಗೆ 21 ಮಿ.ಮೀ. ರಂಧ್ರಗಳು, ಐದರ ಹತ್ತು ಸಾಲು. 12 ಗೇಜಿನ ತಳ ಸುಮಾರು 20.5 ಮಿ.ಮೀ., ಅದರ ಅಂಚು ಸುಮಾರು 22.5. ಬಾಯಿ ಕೆಳಗೆ ಮಾಡಿ ಇಳಿಬಿಟ್ಟರೆ ಮೈ ಇಳಿದು ಅಂಚು ಹಲಗೆಗೆ ಆತು ನಿಲ್ಲುತ್ತದೆ. ನೀರು ತಾನೇ ಬಸಿದು ಹೋಗುತ್ತದೆ, ಐವತ್ತು ಕೇಪುಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಬಿಡಿ. ಕೇಪಿನ ಗೂಡಿನೊಳಗೆ ತೇವ ಬಹಳ ಹೊತ್ತು ಉಳಿಯುತ್ತದೆ. ಒಲೆ, ಹೀಟರಿನ ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

7. ಲೆಕ್ಕ ಇಡುವುದು

ಒಂದೇ ಡಬ್ಬಿಯಿಂದ ಬಂದ 25 ಖಾಲಿಗಳು ಕೊನೆಯವರೆಗೂ ಒಂದೇ ಚೀಲದಲ್ಲಿರಲಿ. ಚೀಲದ ಮೇಲೆ ಬ್ರ್ಯಾಂಡು, ಉದ್ದ, ಮಡಿಕೆಯ ಸಂಖ್ಯೆ, ಎಷ್ಟು ಸಲ ಹೊಡೆದದ್ದು. ತಳದ ಮೇಲೆ ಪ್ರತಿ ಸಲಕ್ಕೂ ಮಾರ್ಕರಿನಿಂದ ಒಂದು ಗೆರೆ. ಎಷ್ಟು ಗೆರೆಗೆ ನಿಲ್ಲಿಸಬೇಕು ಎಂದು ಕೇಳುತ್ತಾರೆ. ಒಂದೇ ಸಂಖ್ಯೆ ಹೇಳಲಾಗದು, ಮೇಲಿನ ಪರೀಕ್ಷೆಯೇ ಅದನ್ನು ಹೇಳುತ್ತದೆ. ಒಂದು ಚೀಲದಲ್ಲಿ ಮೂರು ನಾಲ್ಕಕ್ಕೆ ಬಿರುಕು ಕಂಡರೆ ನಾನು ಇಡೀ ಚೀಲವನ್ನು ನಿವೃತ್ತಿಗೊಳಿಸುತ್ತೇನೆ. ಉಳಿದವೂ ಅದೇ ವಯಸ್ಸಿನವು ತಾನೇ.

8. ಉಳಿದ ನಾಲ್ಕು ಭಾಗಗಳು

ವ್ಯಾಡ್: ಮೈದಾನದ ಹುಲ್ಲಿನಲ್ಲಿ ದಂಡಿಯಾಗಿ ಸಿಗುತ್ತವೆ, ತೊಳೆದರೆ ಹೊಸದರಂತೆಯೇ ಕಾಣುತ್ತವೆ. ಆದರೆ ವ್ಯಾಡಿನ ತಳದ ಬಟ್ಟಲಿನ ತೆಳು ಅಂಚೇ ಅನಿಲವನ್ನು ತಡೆಯುವುದು. ಒಮ್ಮೆ ನಳಿಗೆಗೆ ಒತ್ತಿ ಉಜ್ಜಿದ ಮೇಲೆ ಆ ಅಂಚು ಸವೆದಿರುತ್ತದೆ, ಸೀಳಿರುತ್ತದೆ. ನಡುವಿನ ಸ್ಪ್ರಿಂಗಿನಂಥ ಭಾಗ ಜಜ್ಜಿಹೋಗಿರುತ್ತದೆ. ಅನಿಲ ಸೋರಿದರೆ ಒತ್ತಡ ಸಾಲದೆ ವ್ಯಾಡ್ ಅರ್ಧದಲ್ಲೇ ನಿಲ್ಲಬಹುದು, ಅದು ಹೇಗೆ ಕಾಣುತ್ತದೆಂದು ಆಗಲೇ ಹೇಳಿದ್ದೇನೆ. ರಟ್ಟು, ಬಟ್ಟೆ, ಥರ್ಮೋಕೋಲು ಕತ್ತರಿಸಿ ವ್ಯಾಡ್ ಮಾಡುವುದಕ್ಕೂ ಇದೇ ಉತ್ತರ: ಆ ತುಂಡಿನ ಒತ್ತಡವನ್ನು ಯಾರೂ ಅಳೆದಿಲ್ಲ.

ಚರೆ: ಮೈದಾನದಿಂದ ಮರಳಿ ಪಡೆದ ಸೀಸದ ಚರೆಯನ್ನು ತೊಳೆದು, ಜರಡಿ ಹಿಡಿದು, ಗ್ರಾಫೈಟ್ ಸವರಿ ಮಾರುವವರಿದ್ದಾರೆ. ಅದು ಅವರ ಉದ್ಯಮ, ಅದಕ್ಕೆ ಬೇಕಾದ ಏರ್ಪಾಡು ಅವರಲ್ಲಿರುತ್ತದೆ. ಮನೆಯಲ್ಲಿ ಮಣ್ಣು ಸೋಸುತ್ತ ಕೂರುವುದು ಸೀಸದ ಧೂಳನ್ನು ಉಸಿರಾಡುವ ಸುಲಭ ದಾರಿ. ಕೊಂಡ ಚರೆಯಲ್ಲೂ ಆಯಸ್ಕಾಂತ ಆಡಿಸಿ, ಉಕ್ಕಿನ ಚರೆ ಬೆರೆತಿದ್ದರೆ ಅಂಟಿಕೊಳ್ಳುತ್ತದೆ. ಉಕ್ಕಿನ ಚರೆಗೆ ದಪ್ಪ ಗೋಡೆಯ ಬೇರೆ ವ್ಯಾಡೇ ಬೇಕು. ಸೀಸಕ್ಕೆಂದು ಮಾಡಿದ ವ್ಯಾಡಿನಲ್ಲಿ ಅದು ಬೆರೆತರೆ ನಳಿಗೆಯ ಒಳಮೈಯನ್ನು ಗೀರುತ್ತದೆ. ನೀರುಹಕ್ಕಿ ಬೇಟೆಗೆ ಸೀಸವನ್ನು ಅಮೆರಿಕ 1991ರಲ್ಲೇ ನಿಷೇಧಿಸಿತು, ಯುರೋಪ್ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ನಿರ್ಬಂಧ ಬಂತು. ಹೀಗಾಗಿ ಎರಡೂ ಬಗೆಯ ಚರೆ ಒಂದೇ ಮೈದಾನದಲ್ಲಿ ಬಿದ್ದಿರುವುದು ಅಪರೂಪವಲ್ಲ.

ಮದ್ದು: ಹಳೆಯ ತೋಟಾ ಬಿಚ್ಚಿ ತೆಗೆದ ಮದ್ದನ್ನು ಬಳಸಬೇಡಿ. ಕಾರ್ಖಾನೆಗಳು ಬಳಸುವ ಮದ್ದು ಹೆಚ್ಚಾಗಿ ಡಬ್ಬಿಯಲ್ಲಿ ಮಾರಾಟಕ್ಕೆ ಬರುವುದೇ ಅಲ್ಲ. ಬಣ್ಣ, ಚಕ್ಕೆಯ ಆಕಾರ ನೋಡಿ ಗುರುತಿಸುತ್ತೇನೆ ಎನ್ನುವವರ ಮಾತು ಕೇಳಬೇಡಿ, ಒಂದೇ ಥರ ಕಾಣುವ ಎರಡು ಮದ್ದುಗಳ ಉರಿಯುವ ವೇಗ ಪೂರಾ ಬೇರೆ ಇರಬಹುದು. ಕರಿಮದ್ದಿನ ಅಳತೆಗಿಂಡಿಯಲ್ಲಿ ಹೊಗೆರಹಿತ ಮದ್ದು ಅಳೆದವರ ಕೋವಿಗಳು, ಹೊಗೆರಹಿತ ಮದ್ದು ಹೊಸದಾಗಿ ಬಂದ ಕಾಲದಲ್ಲೇ ಸಿಡಿದು ಹೋದವು.

ಕೇಪು: ಇದರ ಬಗ್ಗೆ ಒಂದೇ ಮಾತು. ಹೊಡೆದ ಕೇಪನ್ನು ಮತ್ತೆ ಜೀವಂತ ಮಾಡುವ ಪ್ರಯತ್ನ ಬೆರಳಿಗೂ ಕಣ್ಣಿಗೂ ಪಣ. ಹೊಸದನ್ನೇ ಕೊಂಡರೂ ಪಟ್ಟಿಯಲ್ಲಿ ಹೇಳಿದ ಕೇಪಿನ ಬದಲು ಕೈಗೆ ಸಿಕ್ಕ ಇನ್ನೊಂದನ್ನು ಹಾಕಬೇಡಿ. ಮಿಕ್ಕದ್ದೆಲ್ಲ ಹಾಗೇ ಇದ್ದು ಕೇಪು ಬದಲಾದರೂ ಒತ್ತಡ ಗಣನೀಯವಾಗಿ ಏರಬಲ್ಲದು.

9. ತಿರಸ್ಕರಿಸಿದ್ದಕ್ಕೆ

ಗುಂಡು ಹಾರಿಸದೆ ಕೋವಿಯ ಕುದುರೆ (ಟ್ರಿಗರ್) ಎಳೆದು ಅಭ್ಯಾಸ ಮಾಡಲು ಕೆಲವರು ಹಳೆಯ ಖಾಲಿಯಿಂದ ಹುಸಿ ತೋಟಾ ಮಾಡಿಕೊಳ್ಳುತ್ತಾರೆ. ಹೊಡೆದ ಕೇಪನ್ನು ತೆಗೆದು ಆ ಗೂಡಿಗೆ ರಬ್ಬರು ತುಂಬುವುದು ರೂಢಿ. ಮಾಡುವುದಾದರೆ ಮೈಗೆ ಅಡ್ಡಲಾಗಿ ಆರಪಾರ ರಂಧ್ರ ಕೊರೆಯಿರಿ, ಇಡೀ ತೋಟಾಕ್ಕೆ ಬೇರೆ ಯಾವ ತೋಟಾಕ್ಕೂ ಇಲ್ಲದ ಬಣ್ಣ ಬಳಿಯಿರಿ. ಕತ್ತಲಲ್ಲಿ ಬೆರಳಿಗೇ ಗೊತ್ತಾಗಬೇಕು ಇದು ಹುಸಿ ಎಂದು. ಮನೆಯಲ್ಲಿ ನಿಜವಾದ ತೋಟಾ ಇಟ್ಟಿರುವ ಕೊಠಡಿಯಲ್ಲಿ ಇದನ್ನು ಇಡಬೇಡಿ.

ಮರುಬಳಕೆ ಕೇಂದ್ರಗಳು ಇಡೀ ಖಾಲಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಲೋಹವೂ ಪ್ಲಾಸ್ಟಿಕ್ಕೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಲೋಹದ ಗೆರೆಯ ಮೇಲೆ ಕತ್ತರಿಸಿದರೆ ಪ್ಲಾಸ್ಟಿಕ್ ಕೊಳವೆ ಬೇರೆಯಾಗುತ್ತದೆ. ತಳವನ್ನು ಗುಜರಿಗೆ ಕೊಡುವಾಗ ಪ್ರತಿ ಕೇಪೂ ಹೊಡೆದದ್ದೇ ಎಂದು ನೋಡಿಕೊಡಿ. ಅದನ್ನು ಕರಗಿಸುವವರಿಗೆ ಒಂದು ಜೀವಂತ ಕೇಪೂ ಹೆಚ್ಚು. ಮೈದಾನದ ಹುಲ್ಲಿನಲ್ಲಿ ಬಿದ್ದ ವ್ಯಾಡುಗಳನ್ನೂ ಇದೇ ಸುತ್ತಿನಲ್ಲಿ ಹೆಕ್ಕಿಬಿಡಿ, ಎಸೆಯುವುದಕ್ಕಾದರೂ.

ಕತ್ತರಿಸಲು ಪುರುಸೊತ್ತಿಲ್ಲದ ದಿನ ನಾನು ಬೇಡವಾದ ಖಾಲಿಯ ಬಾಯಿಯನ್ನು ಇಕ್ಕಳದಲ್ಲಿ ಹಿಂಡಿ, ತಿರುಚಿ, ಚಪ್ಪಟೆ ಮಾಡಿ ಬೇರೆ ತಗಡಿನ ಡಬ್ಬಿಗೆ ಹಾಕುತ್ತೇನೆ. ಹಾಗೇ ಬಿಟ್ಟರೆ ಮುಂದಿನ ವಾರ ಯಾರೋ, ಹೆಚ್ಚಾಗಿ ನಾನೇ, ‘ಅಯ್ಯೋ, ಇದು ಚೆನ್ನಾಗಿಯೇ ಇದೆಯಲ್ಲ’ ಎಂದು ಮತ್ತೆ ಬಕೆಟ್ಟಿಗೆ ಸೇರಿಸಿಬಿಡುತ್ತೇವೆ.